ಬೆಳಕಿಗೆ ಶ್ರುತಿ ಹಿಡಿಸಿದ ಕಥೆ

1665ರ ಫೆಬ್ರುವರಿ ತಿಂಗಳು. ಹಾಲೆಂಡಿನ ವಿಜ್ಞಾನಿ ಕ್ರಿಶ್ಚಿಯಾನ್ ಹೈಗೆನ್ಸ್ ಹೇಗ್ ನಗರದ ತನ್ನ ಮನೆಯಲ್ಲಿ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ. ಲೋಲಕದ ಗಡಿಯಾರವನ್ನು ಜಗತ್ತಿಗೆ ಕೊಟ್ಟವನೇ ಆತ. ಅಂಥ ಎರಡು ಗಡಿಯಾರಗಳು ಕೋಣೆಯಲ್ಲಿ ಒಂದೇ ತೊಲೆಗೆ ತೂಗುಬಿದ್ದಿದ್ದವು. ನಡುಗಡಲಿನಲ್ಲಿ ಹಡಗು ಎಷ್ಟು ಪೂರ್ವಕ್ಕೆ ಅಥವಾ ಪಶ್ಚಿಮಕ್ಕೆ ಇದೆ ಎಂದು ತಿಳಿಯಬೇಕಾದರೆ ನಂಬಬಹುದಾದ ಗಡಿಯಾರ ಬೇಕು. ಒಂದು ನಿಂತರೆ ಇನ್ನೊಂದಿರಲಿ ಎಂದು ಹೈಗೆನ್ಸ್ ಜೋಡಿ ಗಡಿಯಾರಗಳನ್ನು ಮಾಡಿಸಿದ್ದ. ಅವುಗಳನ್ನೇ ನೋಡುತ್ತಾ ಮಲಗಿದ್ದವನಿಗೆ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಎರಡೂ ಲೋಲಕಗಳು ಕರಾರುವಾಕ್ಕಾಗಿ ಒಂದೇ ಲಯದಲ್ಲಿ ತೂಗುತ್ತಿದ್ದವು. ಒಂದು ಎಡಕ್ಕೆ ಹೋದಾಗ ಇನ್ನೊಂದು ಬಲಕ್ಕೆ. ಬೇಕೆಂದೇ ಲಯ ಕೆಡಿಸಿದರೂ ಅರ್ಧ ಗಂಟೆಯೊಳಗೆ ಮತ್ತೆ ಹೊಂದಿಕೊಳ್ಳುತ್ತಿದ್ದವು.

ಗಾಳಿಯ ಅಲುಗಾಟ ಇದಕ್ಕೆ ಕಾರಣವಿರಬಹುದೆಂದು ಹೈಗೆನ್ಸ್ ಮೊದಲು ಊಹಿಸಿದ. ನಡುವೆ ಹಲಗೆ ಅಡ್ಡವಿಟ್ಟು ನೋಡಿದ, ಲಯ ತಪ್ಪಲಿಲ್ಲ. ಕೊನೆಗೆ ತಿಳಿದದ್ದು, ಅವೆರಡನ್ನೂ ಹೊತ್ತಿದ್ದ ತೊಲೆಯೇ ಮಧ್ಯಸ್ಥಿಕೆ ವಹಿಸಿತ್ತು ಎಂದು. ಕಣ್ಣಿಗೆ ಕಾಣದಷ್ಟು ಸಣ್ಣ ಅದುರು ತೊಲೆಯ ಮೂಲಕ ಒಂದು ಗಡಿಯಾರದಿಂದ ಇನ್ನೊಂದಕ್ಕೆ ಹೋಗಿ, ಎರಡನ್ನೂ ಒಂದೇ ಹೆಜ್ಜೆಗೆ ತರುತ್ತಿತ್ತು. ಹೈಗೆನ್ಸ್ ಇದನ್ನು ಗಡಿಯಾರಗಳ ‘ಸಹಾನುಭೂತಿ’ ಎಂದು ಕರೆದ.

ಮೂರೂವರೆ ಶತಮಾನದ ಹಿಂದಿನ ಈ ಗಡಿಯಾರಗಳಿಗೂ ಇಂದು ನಮ್ಮ ದೂರವಾಣಿಯ ಮಾತು, ಟಿವಿಯ ಚಿತ್ರ, ಬ್ಯಾಂಕಿನ ಲೆಕ್ಕ ಎಲ್ಲವನ್ನೂ ಹೊತ್ತೊಯ್ಯುವ ಗಾಜಿನ ಎಳೆಗಳಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧವಿದೆ. ಆ ಎಳೆಗಳಲ್ಲಿ ಹರಿಯುವ ಬೆಳಕನ್ನು ಹುಟ್ಟಿಸುವುದು ಸಾಸಿವೆ ಕಾಳಿಗಿಂತ ಚಿಕ್ಕದಾದ ಲೇಸರ್ ಡಯೋಡ್. ಅದೂ ಒಂದು ಬಗೆಯ ಗಡಿಯಾರವೇ. ಆದರೆ ಅದರ ಲೋಲಕ ಸೆಕೆಂಡಿಗೆ ಸುಮಾರು 193 ಲಕ್ಷ ಕೋಟಿ ಸಲ ತೂಗುತ್ತದೆ. ಮತ್ತು ಆ ಗಡಿಯಾರ ಸ್ವಭಾವತಃ ಚಂಚಲ. ಆ ಚಂಚಲತೆಯನ್ನು ಹದ್ದಿಗೆ ತರಲು ಇಂಜಿನಿಯರುಗಳು ಹೈಗೆನ್ಸನ ತೊಲೆಯ ಗುಟ್ಟನ್ನೇ ಹಿಡಿದರು. ಅದಕ್ಕೆ ಅವರು ಕೊಟ್ಟ ಹೆಸರು ‘ಇಂಜೆಕ್ಷನ್ ಲಾಕಿಂಗ್’. ಒಂದು ಲೇಸರಿನ ಸ್ಥಿರವಾದ ಬೆಳಕನ್ನು ಇನ್ನೊಂದು ಲೇಸರಿನ ಒಳಕ್ಕೆ ಹಾಯಿಸಿ, ಎರಡನೆಯದು ಮೊದಲನೆಯದರ ಲಯದಲ್ಲೇ ಬೆಳಗುವಂತೆ ಕಟ್ಟಿಹಾಕುವುದೇ ಇದರ ಸಾರ.

ಈ ತಂತ್ರದ ಇತಿಹಾಸ ಒಂದೇ ಸಮನೆ ಏರಿದ ಯಶಸ್ಸಿನ ಕಥೆಯಲ್ಲ. ಗೆಲ್ಲುವ ಹೊತ್ತಿಗೆ ಸೋತು, ಮೂಲೆ ಸೇರಿ, ಬೇರೊಂದು ಬಾಗಿಲಿನಿಂದ ಮರಳಿ ಬಂದ ವಿಚಾರವೊಂದರ ಕಥೆ.

ರೇಡಿಯೋದ ಕಾಲ

ಹೈಗೆನ್ಸನ ನಂತರ ಈ ವಿದ್ಯಮಾನ ಬಹುಕಾಲ ಒಂದು ಕೌತುಕವಾಗಿಯಷ್ಟೇ ಉಳಿಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಲಾರ್ಡ್ ರ್‍ಯಾಲೆ ಶಬ್ದವಿಜ್ಞಾನದ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಇಂಥದೇ ಸಂಗತಿಯನ್ನು ದಾಖಲಿಸಿದರು. ಹೆಚ್ಚುಕಡಿಮೆ ಒಂದೇ ಸ್ವರದ ಎರಡು ಆರ್ಗನ್ ಕೊಳವೆಗಳನ್ನು ಅಕ್ಕಪಕ್ಕದಲ್ಲಿಟ್ಟು ನುಡಿಸಿದರೆ ಅವು ತಮ್ಮ ನಡುವಿನ ಸಣ್ಣ ವ್ಯತ್ಯಾಸವನ್ನು ಬಿಟ್ಟು ಒಂದೇ ಸ್ವರಕ್ಕೆ ಬಂದು ನಿಲ್ಲುತ್ತವೆ ಎಂಬುದನ್ನು ಅವರು ಗಮನಿಸಿದ್ದರು.

ಕೌತುಕವು ಉಪಯೋಗಕ್ಕೆ ಬಂದದ್ದು ರೇಡಿಯೋ ಯುಗದಲ್ಲಿ. 1920ರ ದಶಕದಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಆಪಲ್‌ಟನ್ ಮತ್ತು ಹಾಲೆಂಡಿನ ಫಿಲಿಪ್ಸ್ ಪ್ರಯೋಗಾಲಯದ ಬಾಲ್ತಸರ್ ವಾನ್ ಡರ್ ಪೋಲ್ ನಿರ್ವಾತ ಕವಾಟಗಳ ಆಂದೋಲಕಗಳನ್ನು ಪರೀಕ್ಷಿಸಿದರು. ತನ್ನಷ್ಟಕ್ಕೆ ಕಂಪಿಸುತ್ತಿರುವ ಒಂದು ಆಂದೋಲಕಕ್ಕೆ ಹೊರಗಿನಿಂದ ಕ್ಷೀಣವಾದ ಸಂಕೇತವೊಂದನ್ನು ಕೊಟ್ಟರೆ, ಅದು ತನ್ನ ಸ್ವಂತ ಕಂಪನಾಂಕವನ್ನು ತೊರೆದು ಹೊರಗಿನದನ್ನು ಹಿಡಿಯುತ್ತದೆ ಎಂಬುದನ್ನು ಅವರು ತೋರಿಸಿಕೊಟ್ಟರು.

ಇದಕ್ಕೆ ಸರಳವೂ ಕರಾರುವಾಕ್ಕೂ ಆದ ಸೂತ್ರವನ್ನು ಕೊಟ್ಟವರು ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ರಾಬರ್ಟ್ ಆಡ್ಲರ್. ಷಿಕಾಗೋದ ಜೆನಿತ್ ಕಂಪನಿಯಲ್ಲಿದ್ದ ಅವರ ಪ್ರಬಂಧ ಪ್ರಕಟವಾದದ್ದು 1946ರಲ್ಲಿ. ಮುಂದೆ 1956ರಲ್ಲಿ ಮಾರುಕಟ್ಟೆಗೆ ಬಂದ, ಕಿವಿಗೆ ಕೇಳದ ಶಬ್ದದಿಂದ ಕೆಲಸ ಮಾಡುವ ಟಿವಿ ರಿಮೋಟ್‌ನ ಹಿಂದೆಯೂ ಇದ್ದವರು ಇವರೇ. ಆಡ್ಲರ್ ಸೂತ್ರ ಹೇಳುವುದು ಎರಡೇ ಮಾತು. ಒಂದು, ಹೊರಗಿನ ಸಂಕೇತದ ಕಂಪನಾಂಕ ಆಂದೋಲಕದ ಸ್ವಂತ ಕಂಪನಾಂಕಕ್ಕೆ ಸಾಕಷ್ಟು ಹತ್ತಿರವಿರಬೇಕು. ಎರಡು, ಎಷ್ಟು ಹತ್ತಿರವಿರಬೇಕು ಎಂಬುದು ಹೊರಗಿನ ಸಂಕೇತದ ಬಲವನ್ನು ಅವಲಂಬಿಸುತ್ತದೆ. ಬಲ ಹೆಚ್ಚಿದಷ್ಟೂ ದೂರದಲ್ಲಿರುವುದನ್ನೂ ಹಿಡಿದೆಳೆಯಬಹುದು.

ಕಪ್ಪು-ಬಿಳುಪು ಟಿವಿಯ ಕಾಲವನ್ನು ಕಂಡ ಓದುಗರಿಗೆ ಇದರ ಅನುಭವ ಚೆನ್ನಾಗಿಯೇ ಇದೆ. ಪರದೆಯ ಮೇಲೆ ಚಿತ್ರ ಇದ್ದಕ್ಕಿದ್ದಂತೆ ಮೇಲಿಂದ ಕೆಳಕ್ಕೆ ಉರುಳತೊಡಗುತ್ತಿತ್ತು. ಯಾರಾದರೂ ಎದ್ದುಹೋಗಿ ‘ಹೋಲ್ಡ್’ ಎಂಬ ಗುಂಡಿಯನ್ನು ಮೆಲ್ಲಗೆ ತಿರುಗಿಸಬೇಕಾಗಿತ್ತು. ಟಿವಿಯೊಳಗಿನ ಆಂದೋಲಕ ಪ್ರಸಾರ ಕೇಂದ್ರದ ಲಯದಿಂದ ದೂರ ಸರಿದಾಗ ಚಿತ್ರ ಉರುಳುತ್ತಿತ್ತು. ಗುಂಡಿ ತಿರುಗಿಸಿ ಅದನ್ನು ಹತ್ತಿರಕ್ಕೆ ತಂದೊಡನೆ ಗಾಳಿಯಲ್ಲಿ ಬಂದ ಕ್ಷೀಣ ಸಂಕೇತವೇ ಅದನ್ನು ಗಪ್ಪನೆ ಹಿಡಿದು ನಿಲ್ಲಿಸುತ್ತಿತ್ತು.

1966ರ ಎರಡು ಪ್ರಬಂಧಗಳು

1960ರ ಮೇ ತಿಂಗಳಲ್ಲಿ ಥಿಯೋಡರ್ ಮೈಮನ್ ಮಾಣಿಕ್ಯದ ಕಡ್ಡಿಯಿಂದ ಮೊದಲ ಲೇಸರ್ ಬೆಳಗಿಸಿದರು. 1962ರಲ್ಲಿ ಅಮೆರಿಕದ ನಾಲ್ಕು ತಂಡಗಳು ಕೆಲವೇ ವಾರಗಳ ಅಂತರದಲ್ಲಿ ಅರೆವಾಹಕದ ತುಣುಕಿನಿಂದಲೇ ಲೇಸರ್ ಬೆಳಕು ಹೊರಡಿಸಿದವು. ಆದರೆ ಆ ಡಯೋಡುಗಳು ದ್ರವ ಸಾರಜನಕದ ಕೊರೆಯುವ ಚಳಿಯಲ್ಲಿ, ಅದೂ ಕ್ಷಣಕಾಲ ಮಿನುಗಿ ಆರಿಹೋಗುವಂಥವು. ಅವುಗಳಿಂದ ದೂರವಾಣಿ ನಡೆಸುವುದು ಕನಸಿನ ಮಾತಾಗಿತ್ತು.

1966ರಲ್ಲಿ ಎರಡು ಪ್ರಬಂಧಗಳು ಬೇರೆ ಬೇರೆ ಕಡೆಗಳಿಂದ ಬಂದವು. ಇಂಗ್ಲೆಂಡಿನ ಹಾರ್ಲೋದಲ್ಲಿದ್ದ ಚಾರ್ಲ್ಸ್ ಕಾವೋ ಮತ್ತು ಜಾರ್ಜ್ ಹಾಕಮ್ ಗಾಜಿನ ಎಳೆಯಲ್ಲಿ ಬೆಳಕಿನ ಮೂಲಕ ಸಂದೇಶ ಕಳಿಸಬಹುದೆಂದು ವಾದಿಸಿದರು. ಒಂದು ಕಿಲೋಮೀಟರ್ ಸಾಗಿದ ಮೇಲೆ ಬೆಳಕಿನ ನೂರರಲ್ಲೊಂದು ಪಾಲು ಉಳಿದರೂ ಸಾಕು, ಗಾಜಿನ ಅಶುದ್ಧಿಯನ್ನು ತೆಗೆದರೆ ಇದು ಸಾಧ್ಯ ಎಂಬುದು ಅವರ ಲೆಕ್ಕ. ಈ ಪ್ರಬಂಧಕ್ಕಾಗಿಯೇ ಕಾವೋ ಅವರಿಗೆ 2009ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಇನ್ನೊಂದು ಪ್ರಬಂಧ ಅಮೆರಿಕದ ಬೆಲ್ ಪ್ರಯೋಗಾಲಯದ ಸ್ಟೋವರ್ ಮತ್ತು ಸ್ಟಯರ್ ಎಂಬುವರದು. ಅವರು ಹೀಲಿಯಂ-ನಿಯಾನ್ ಅನಿಲದ ಒಂದು ಲೇಸರಿನ ಕೆಂಪು ಬೆಳಕನ್ನು ಅಂಥದೇ ಇನ್ನೊಂದರೊಳಕ್ಕೆ ಹಾಯಿಸಿ, ಎರಡನೆಯದು ಮೊದಲನೆಯದಕ್ಕೆ ಕಟ್ಟುಬೀಳುವುದನ್ನು ತೋರಿಸಿದರು. ರೇಡಿಯೋ ಅಲೆಗಳಿಗೆ ಒಪ್ಪುವ ಆಡ್ಲರ್ ಸೂತ್ರ ಬೆಳಕಿಗೂ ಒಪ್ಪುತ್ತದೆ ಎಂದಾಯಿತು. ಈ ಎರಡು ಪ್ರಬಂಧಗಳ ದಾರಿಗಳು ಕೂಡಲು ಇನ್ನೂ ಹದಿನಾಲ್ಕು ವರ್ಷ ಬೇಕಾಯಿತು.

ಗುರು ಮತ್ತು ಶಿಷ್ಯ

ಲೇಸರಿನೊಳಗೆ ಈ ಬಂಧನ ನಡೆಯುವ ಬಗೆಯನ್ನು ಸ್ವಲ್ಪ ನೋಡೋಣ. ಲೇಸರ್ ಡಯೋಡ್ ಎಂದರೆ ಎರಡು ತುದಿಗಳೂ ಕನ್ನಡಿಯಂತೆ ವರ್ತಿಸುವ, ಅರ್ಧ ಮಿಲಿಮೀಟರಿಗಿಂತಲೂ ಗಿಡ್ಡವಾದ ಒಂದು ಸ್ಫಟಿಕದ ಓಣಿ. ವಿದ್ಯುತ್ತು ಅದರೊಳಕ್ಕೆ ಇಲೆಕ್ಟ್ರಾನುಗಳ ಸಂಗ್ರಹವನ್ನು ತುಂಬುತ್ತದೆ. ಹಿಂದೆ ಮುಂದೆ ಓಡಾಡುವ ಬೆಳಕು ಆ ಸಂಗ್ರಹವನ್ನು ಮೇಯುತ್ತಾ ತನ್ನಂಥದೇ ಬೆಳಕನ್ನು ಹುಟ್ಟಿಸಿ ಬೆಳೆಯುತ್ತದೆ. ಈಗ ಹೊರಗಿನಿಂದ, ಬಹುಮಟ್ಟಿಗೆ ಅದೇ ಕಂಪನಾಂಕದ ಇನ್ನೊಂದು ಬೆಳಕು ಒಳನುಗ್ಗಿತೆನ್ನಿ. ಅದೂ ಅದೇ ಸಂಗ್ರಹವನ್ನು ಮೇಯುತ್ತದೆ, ಅದೂ ಬೆಳೆಯುತ್ತದೆ. ಇರುವ ಮೇವು ಒಂದೇ. ಹೊರಗಿನ ಬೆಳಕಿಗೆ ನಿರಂತರವಾಗಿ ಆಸರೆ ಬರುತ್ತಿರುವುದರಿಂದ ಅದರ ಕೈ ಮೇಲಾಗಿ, ಒಳಗೆ ತಾನಾಗಿ ಹುಟ್ಟಿದ ಬೆಳಕು ಮೇವಿಲ್ಲದೆ ಬತ್ತಿಹೋಗುತ್ತದೆ. ಲೇಸರ್ ತನ್ನ ಪೂರ್ಣ ಶಕ್ತಿಯಲ್ಲೇ ಬೆಳಗುತ್ತದೆ, ಆದರೆ ಅತಿಥಿಯ ಲಯದಲ್ಲಿ. ಇದಕ್ಕೆ ಅದರ ಸ್ವಂತ ಬೆಳಕಿನ ಸಾವಿರದಲ್ಲೊಂದು ಪಾಲಿನಷ್ಟು ಬೆಳಕೂ ಸಾಕಾಗಬಹುದು.

ಲಯ ಕೊಡುವ ಮತ್ತು ಹಿಡಿಯುವ ಈ ಲೇಸರುಗಳನ್ನು ನಾವು ಗುರು ಮತ್ತು ಶಿಷ್ಯ ಎನ್ನೋಣ. ಇಲ್ಲೊಂದು ಸೂಕ್ಷ್ಮವಿದೆ. ಒಂದು ತಂಬೂರಿ ಮೀಟಿದರೆ ಪಕ್ಕದಲ್ಲಿ ಅದೇ ಶ್ರುತಿಯ ಇನ್ನೊಂದು ತಂಬೂರಿಯ ತಂತಿ ತಾನಾಗಿ ಮಿಡಿಯುವುದುಂಟು. ಅದು ಬೇರೆ ಸಂಗತಿ; ಮೀಟುವುದು ನಿಂತರೆ ಆ ತಂತಿಯೂ ಸುಮ್ಮನಾಗುತ್ತದೆ. ಇಲ್ಲಿ ಶಿಷ್ಯನೆಂದರೆ ತಾನೇ ದನಿ ತೆಗೆದು ಹಾಡುತ್ತಿರುವ ಗಾಯಕ. ಕಂಠ ಅವನದೇ, ಉಸಿರು ಅವನದೇ. ತಂಬೂರಿಯ ಮೆಲುದನಿಯನ್ನು ಆಲಿಸಿ ಅವನು ಶ್ರುತಿ ಸರಿಪಡಿಸಿಕೊಳ್ಳುತ್ತಾನೆ. ಮೆಲುದನಿ ದೊಡ್ಡ ಕಂಠವನ್ನು ನಡೆಸುವ ಈ ಗುಣವೇ ಇಂಜೆಕ್ಷನ್ ಲಾಕಿಂಗಿನ ಆಕರ್ಷಣೆ.

ಗೆಲುವಿನ ಹೊಸ್ತಿಲಲ್ಲಿ

1970 ಈ ಕ್ಷೇತ್ರಕ್ಕೆ ಸುಗ್ಗಿಯ ವರ್ಷ. ಅಮೆರಿಕದ ಕಾರ್ನಿಂಗ್ ಕಂಪನಿಯ ಮೂವರು ವಿಜ್ಞಾನಿಗಳು ಕಾವೋ ಕೇಳಿದ್ದಕ್ಕಿಂತ ಶುದ್ಧವಾದ ಗಾಜಿನ ಎಳೆಯನ್ನು ತೆಗೆದರು. ಅದೇ ವರ್ಷ ಲೆನಿನ್‌ಗ್ರಾಡಿನಲ್ಲಿ ಜೋರೆಸ್ ಅಲ್ಫೆರೋವ್ ಅವರ ತಂಡ ಮತ್ತು ಬೆಲ್ ಪ್ರಯೋಗಾಲಯದಲ್ಲಿ ಇಜುವೊ ಹಯಾಶಿ ಹಾಗೂ ಮಾರ್ಟನ್ ಪಾನಿಷ್, ಕೋಣೆಯ ಸಾಮಾನ್ಯ ಉಷ್ಣತೆಯಲ್ಲಿ ಎಡೆಬಿಡದೆ ಬೆಳಗುವ ಲೇಸರ್ ಡಯೋಡುಗಳನ್ನು ರೂಪಿಸಿದರು. ದಶಕದ ಕೊನೆಗೆ ಜಪಾನಿನಲ್ಲಿ ತಯಾರಾದ ಎಳೆ ಎಷ್ಟು ಸ್ವಚ್ಛವಾಗಿತ್ತೆಂದರೆ, 100 ಕಿಲೋಮೀಟರ್ ಸಾಗಿದ ಮೇಲೂ ನೂರರಲ್ಲೊಂದು ಪಾಲು ಬೆಳಕು ಉಳಿಯುತ್ತಿತ್ತು. ದಾರಿ ಸಿದ್ಧವಾಯಿತು. ಆ ದಾರಿಯಲ್ಲಿ ಸಾಗಬೇಕಾದ ಬೆಳಕಿನ ದೋಷಗಳು ಈಗ ಎದ್ದು ಕಾಣತೊಡಗಿದವು.

ಲೇಸರ್ ಡಯೋಡಿನ ಬಣ್ಣ ಉಷ್ಣತೆಯೊಡನೆ ಸರಿಯುತ್ತದೆ. ಇಷ್ಟು ಸಾಲದೆಂಬಂತೆ ಇನ್ನೊಂದು ದೋಷ. ಸಂದೇಶ ಕಳಿಸುವುದೆಂದರೆ ಡಯೋಡಿನ ವಿದ್ಯುತ್ತನ್ನು ಸೆಕೆಂಡಿಗೆ ಕೋಟಿಗಟ್ಟಲೆ ಸಲ ಏರಿಳಿಸುವುದು. ಏರಿಸಿದಾಗಲೆಲ್ಲ ಒಳಗಿನ ಇಲೆಕ್ಟ್ರಾನುಗಳ ಸಂಖ್ಯೆ ಬದಲಾಗಿ, ಸ್ಫಟಿಕದ ವಕ್ರೀಭವನ ಸೂಚ್ಯಂಕವೂ ಬದಲಾಗಿ, ಬೆಳಕಿನ ಬಣ್ಣ ತುಸು ಜಾರುತ್ತದೆ. ಹಕ್ಕಿಯ ಕೂಗಿನಲ್ಲಿ ಸ್ವರ ಜಾರುವಂತೆ ಇದೂ ಜಾರುವುದರಿಂದ ಇಂಗ್ಲಿಷಿನಲ್ಲಿ ಇದಕ್ಕೆ ‘ಚರ್ಪ್’ ಎಂದೇ ಹೆಸರು. ಗಾಜಿನಲ್ಲಿ ಬೇರೆ ಬೇರೆ ಬಣ್ಣಗಳ ವೇಗ ಬೇರೆ ಬೇರೆ. ಹೀಗಾಗಿ ಜಾರಿದ ಬೆಳಕಿನ ಮಿಣುಕು ದಾರಿಯಲ್ಲಿ ಹರಡಿಕೊಂಡು ಹಿಂದಿನ ಮುಂದಿನ ಮಿಣುಕುಗಳೊಡನೆ ಕಲೆಸಿಹೋಗುತ್ತದೆ. ವೇಗ ಹೆಚ್ಚಿಸಿದಷ್ಟೂ ದೂರ ಕುಗ್ಗುತ್ತದೆ.

ಇದೇ ಸಮಯದಲ್ಲಿ ಇಂಜಿನಿಯರುಗಳಿಗೆ ಇನ್ನೂ ದೊಡ್ಡ ಆಸೆಯೊಂದಿತ್ತು. ರೇಡಿಯೋ ಗ್ರಾಹಕದಲ್ಲಿ ಮಾಡುವಂತೆ, ಬಂದ ಬೆಳಕನ್ನು ಸ್ಥಳೀಯ ಲೇಸರಿನ ಬೆಳಕಿನೊಡನೆ ಬೆರೆಸಿ ಅದರ ಕಂಪನದ ಹೆಜ್ಜೆಯನ್ನೇ ಓದಿದರೆ, ಹತ್ತಾರು ಪಟ್ಟು ಕ್ಷೀಣವಾದ ಬೆಳಕನ್ನೂ ಗುರುತಿಸಬಹುದು. ಇದಕ್ಕೆ ‘ಕೊಹೆರೆಂಟ್’ ಸಂಪರ್ಕ ಎಂದು ಹೆಸರು. ಆದರೆ ಅದಕ್ಕೆ ಬೇಕಾದುದು ಕದಲದ ಬೆಳಕು.

1980-81ರಲ್ಲಿ ಜಪಾನಿನ ಎನ್‌ಟಿಟಿ ಸಂಸ್ಥೆಯ ಕೊಬಾಯಾಶಿ ಮತ್ತು ಕಿಮುರಾ ಲೇಸರ್ ಡಯೋಡುಗಳ ಇಂಜೆಕ್ಷನ್ ಲಾಕಿಂಗ್ ಕುರಿತು ವಿವರವಾದ ಪ್ರಯೋಗಗಳನ್ನು ಪ್ರಕಟಿಸಿದರು. 1982ರಲ್ಲಿ ರಾಯ್ ಲ್ಯಾಂಗ್ ಇದರ ಸಿದ್ಧಾಂತವನ್ನು ತಿದ್ದಿದರು. ಅನಿಲ ಲೇಸರಿನಂತೆ ಡಯೋಡ್ ಸಾಧುವಲ್ಲ. ಗುರುವಿನ ಕಂಪನಾಂಕ ಶಿಷ್ಯನದಕ್ಕಿಂತ ತುಸು ಕಡಿಮೆಯಿದ್ದರೆ ಹಿಡಿತ ಸುಲಭ, ಹೆಚ್ಚಿದ್ದರೆ ಕಷ್ಟ ಎಂದು ಅವರು ತೋರಿಸಿದರು. ಇದಕ್ಕೂ ಮೂಲ ಕಾರಣ ಚರ್ಪನ್ನು ಹುಟ್ಟಿಸುವ ಅದೇ ವಕ್ರೀಭವನದ ಬದಲಾವಣೆ. 1985ರಲ್ಲಿ ಬೆಲ್ ಪ್ರಯೋಗಾಲಯದ ತಂಡವೊಂದು ಗುರುವಿಗೆ ಕಟ್ಟಿಹಾಕಿದ ಡಯೋಡಿನಿಂದ ಸೆಕೆಂಡಿಗೆ 200 ಕೋಟಿ ಬಿಟ್‌ಗಳನ್ನು 82.5 ಕಿಲೋಮೀಟರ್ ಎಳೆಯಲ್ಲಿ ಚರ್ಪಿಲ್ಲದೆ ಕಳಿಸಿತು. ಬೆಳಕಿನ ಸಂಪರ್ಕದ ಮುಂದಿನ ದಾರಿ ಇದೇ ಎಂದು ತೋರುತ್ತಿತ್ತು.

ಅನಿರೀಕ್ಷಿತ ಪೆಟ್ಟು

ಎರಡೇ ವರ್ಷಗಳಲ್ಲಿ ಲೆಕ್ಕ ತಿರುವುಮುರುವಾಯಿತು. 1987ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಡೇವಿಡ್ ಪೇನ್ ಅವರ ತಂಡ ಮತ್ತು ಬೆಲ್ ಪ್ರಯೋಗಾಲಯದ ಇಮ್ಯಾನ್ಯುಯೆಲ್ ಡೆಸರ್ವಿರ್ ಹಾಗೂ ಸಂಗಡಿಗರು, ಎರ್ಬಿಯಂ ಎಂಬ ಧಾತುವನ್ನು ಗಾಜಿಗೆ ಬೆರೆಸಿದರೆ ಆ ಎಳೆಯೇ ಬೆಳಕನ್ನು ವರ್ಧಿಸುತ್ತದೆ ಎಂದು ತೋರಿಸಿದರು. ದಾರಿಯುದ್ದಕ್ಕೂ ಅಲ್ಲಲ್ಲಿ ಇಂಥ ವರ್ಧಕ ಕೂರಿಸಿ ಬೆಳಕನ್ನು ಮತ್ತೆ ಮತ್ತೆ ಬಲಪಡಿಸಬಹುದಾದರೆ, ಕ್ಷೀಣ ಬೆಳಕನ್ನು ಓದುವ ಕುಶಲ ಗ್ರಾಹಕವೇಕೆ? 1990ರ ದಶಕದಲ್ಲಿ ಸಾಗರದಾಳದ ಕೇಬಲ್‌ಗಳೂ ಇದೇ ವರ್ಧಕಗಳನ್ನು ಹೊತ್ತುಕೊಂಡವು. ಕೊಹೆರೆಂಟ್ ಸಂಪರ್ಕದ ಸಂಶೋಧನೆ ತಣ್ಣಗಾಯಿತು. ಚರ್ಪಿನ ಕಾಟಕ್ಕೂ ಬೇರೆ ಮದ್ದು ಸಿಕ್ಕಿತು. ಲೇಸರನ್ನು ಒಂದೇ ಸಮ ಬೆಳಗಿಸಿಟ್ಟು, ಹೊರಗಡೆ ಬಾಗಿಲು ತೆರೆದು ಮುಚ್ಚಿದಂತೆ ಬೆಳಕನ್ನು ಏರಿಳಿಸುವ ಸಾಧನ ಬಂತು.

ಮುಂದೆ 2008ರ ಸುಮಾರಿಗೆ ಕೊಹೆರೆಂಟ್ ಸಂಪರ್ಕ ಮರಳಿ ಮಾರುಕಟ್ಟೆಗೆ ಬಂದಾಗಲೂ ಇಂಜೆಕ್ಷನ್ ಲಾಕಿಂಗಿಗೆ ಕರೆ ಬರಲಿಲ್ಲ. ಎರಡು ಲೇಸರುಗಳ ಹೆಜ್ಜೆ ಕೂಡದಿದ್ದರೆ ಕೂಡದಿರಲಿ, ವ್ಯತ್ಯಾಸವನ್ನು ವೇಗದ ಗಣಕ ಚಿಪ್ ಲೆಕ್ಕ ಹಾಕಿ ಕಳೆದುಬಿಡುತ್ತಿತ್ತು. ಭೌತವಿಜ್ಞಾನದಿಂದ ಸಾಧಿಸಬೇಕಿದ್ದುದನ್ನು ಗಣಿತದಿಂದ ಸಾಧಿಸಿದಂತಾಯಿತು.

ಇಲ್ಲಿ ಯಾರ ವಿಜ್ಞಾನವೂ ಸುಳ್ಳಾಗಲಿಲ್ಲ ಎಂಬುದನ್ನು ಗಮನಿಸಬೇಕು. ಕೊಬಾಯಾಶಿ, ಕಿಮುರಾ, ಲ್ಯಾಂಗ್ ಕಂಡುಕೊಂಡದ್ದೆಲ್ಲ ಇಂದಿಗೂ ನಿಜ. ಅವರು ಉತ್ತರಿಸಿದ ಪ್ರಶ್ನೆಯನ್ನು ಜಗತ್ತು ಕೇಳುವುದನ್ನು ನಿಲ್ಲಿಸಿತು, ಅಷ್ಟೇ.

ಹಿತ್ತಲ ಬಾಗಿಲಿನಿಂದ

ಮರಳಿ ಬಂದದ್ದು ಯಾರೂ ನೆನೆಸದ ಕಡೆಯಿಂದ. ಸಾಗರದಾಚೆಗೆ ಬೆಳಕು ಕಳಿಸುವುದು ಒಂದು ಸಮಸ್ಯೆಯಾದರೆ, ಬೀದಿಯ ಕೊನೆಯ ಮನೆಗೆ ಕಳಿಸುವುದು ಇನ್ನೊಂದು. ಅಲ್ಲಿ ದೂರ ಕಡಿಮೆ, ಆದರೆ ಖರ್ಚು ನೋಡಬೇಕು. ಒಂದೇ ಎಳೆಯಲ್ಲಿ ಮೂವತ್ತೆರಡು ಬಣ್ಣದ ಬೆಳಕು ಹರಿಸಿ ಮನೆಗೊಂದು ಬಣ್ಣ ಹಂಚಿದರೆ ಪ್ರತಿ ಮನೆಗೂ ಸ್ವಂತ ಹೆದ್ದಾರಿ ಸಿಕ್ಕಂತೆ. ಆದರೆ ಪ್ರತಿ ಮನೆಯ ಪೆಟ್ಟಿಗೆಯಲ್ಲೂ ಬೇರೆ ಬೇರೆ ಬಣ್ಣದ, ಬಿಸಿಲು ಚಳಿಗೆ ಕದಲದ ದುಬಾರಿ ಲೇಸರ್ ಇಡುವವರಾರು? ಒಂದು ಕೆಟ್ಟರೆ ಅದೇ ಬಣ್ಣದ್ದನ್ನು ಹುಡುಕುವವರಾರು?

2000ದಲ್ಲಿ ದಕ್ಷಿಣ ಕೊರಿಯಾದ ಕೈಸ್ಟ್ ಸಂಸ್ಥೆಯ ಚಾಂಗ್-ಹೀ ಲೀ ಮತ್ತು ಸಂಗಡಿಗರು ಇದಕ್ಕೊಂದು ಉಪಾಯ ಹೇಳಿದರು. ಎಲ್ಲ ಮನೆಗಳಿಗೂ ಒಂದೇ ಜಾತಿಯ ಅಗ್ಗದ, ಚಂಚಲವಾದ ಡಯೋಡ್ ಕೊಡಿ. ಕೇಂದ್ರದಿಂದ ಎಲ್ಲ ಬಣ್ಣಗಳನ್ನೂ ಒಳಗೊಂಡ ಬೆಳಕನ್ನು ಕಳಿಸಿ. ದಾರಿಯಲ್ಲಿ ಅದನ್ನು ಬಣ್ಣ ಬಣ್ಣವಾಗಿ ಸೋಸಿ ಮನೆಗೊಂದರಂತೆ ಡಯೋಡಿನೊಳಕ್ಕೆ ಹಾಯಿಸಿ. ಯಾವ ಬಣ್ಣ ಬಂತೋ ಡಯೋಡ್ ಆ ಬಣ್ಣವನ್ನೇ ಹಿಡಿದು ಬೆಳಗುತ್ತದೆ. ಸೂಕ್ಷ್ಮವಾಗಿ ಹೇಳುವುದಾದರೆ ಇದು ಪೂರ್ಣ ಅರ್ಥದ ಬಂಧನವಲ್ಲ. ಕಂಪನದ ಹೆಜ್ಜೆ ಕೂಡುವುದಿಲ್ಲ, ಬಣ್ಣ ಮಾತ್ರ ಕೂಡುತ್ತದೆ. ಆದರೆ ಬೇಕಾಗಿದ್ದುದೂ ಅಷ್ಟೇ. ಕೊರಿಯಾದಲ್ಲಿ ಇಂಥ ಜಾಲ ಬಳಕೆಗೆ ಬಂತು. 2012ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಈ ಬಗೆಯ ವ್ಯವಸ್ಥೆಗೆ ಮಾನದಂಡವನ್ನೂ ಗೊತ್ತುಮಾಡಿತು.

ಇದು ಜಗತ್ತನ್ನೇನೂ ಗೆಲ್ಲಲಿಲ್ಲ. ಭಾರತದ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆದ ಭಾರತ್‌ನೆಟ್ ಸೇರಿದಂತೆ ಹೆಚ್ಚಿನ ಕಡೆ ಬಳಕೆಯಾದದ್ದು ಜಿಪಾನ್ ಎಂಬ ಇನ್ನೊಂದು ಪದ್ಧತಿ. ಅದರಲ್ಲಿ ಮನೆಗೊಂದು ಬಣ್ಣವಿಲ್ಲ; ಎಲ್ಲರೂ ಒಂದೇ ಬಣ್ಣವನ್ನು ಸರದಿಯ ಪ್ರಕಾರ ಹಂಚಿಕೊಳ್ಳುತ್ತಾರೆ. ಅಗ್ಗವಾದದ್ದೇ ಇಲ್ಲಿಯೂ ಮುಂದೆ ನಡೆಯಿತು.

ಬಂಧನವೂ ಬಂಡಾಯವೂ

ಇತ್ತ ಪ್ರಯೋಗಾಲಯಗಳು ಈ ತಂತ್ರದಲ್ಲಿ ಹೊಸ ಗುಣಗಳನ್ನು ಕಾಣುತ್ತಲೇ ಬಂದಿವೆ. ಗುರುವಿನ ಬೆಳಕನ್ನು ಬಹಳ ಹೆಚ್ಚಿಸಿದರೆ ಶಿಷ್ಯ ಸ್ಥಿರವಾಗುವುದಷ್ಟೇ ಅಲ್ಲ, ಚುರುಕೂ ಆಗುತ್ತಾನೆ. 2008ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್‌ಲಿ ವಿಶ್ವವಿದ್ಯಾಲಯದ ತಂಡ ಹೀಗೆ ಬಲವಾಗಿ ಕಟ್ಟಿದ ಡಯೋಡಿನಿಂದ 80 ಗಿಗಾಹರ್ಟ್ಸ್‌ವರೆಗಿನ ಏರಿಳಿತಕ್ಕೆ ಸ್ಪಂದಿಸುವ ಸಾಮರ್ಥ್ಯವನ್ನು ವರದಿ ಮಾಡಿತು. ಗುರುವಿಲ್ಲದ ಡಯೋಡಿಗೆ ಅದರ ಹತ್ತಿರಕ್ಕೂ ಬರಲಾಗದು.

ಹದ ತಪ್ಪಿದರೆ ಬಂಡಾಯವೂ ಉಂಟು. ಕಂಪನಾಂಕದ ಅಂತರ ಮತ್ತು ಬೆಳಕಿನ ಬಲ ಹೊಂದದ ಕಡೆ ಶಿಷ್ಯ ಅತ್ತ ಸ್ವಂತ ಲಯದಲ್ಲೂ ಇಲ್ಲದೆ, ಇತ್ತ ಗುರುವಿನದನ್ನೂ ಹಿಡಿಯದೆ ಹುಚ್ಚುಹುಚ್ಚಾಗಿ ಮಿನುಗುತ್ತಾನೆ. ವಿಜ್ಞಾನಿಗಳು ಇದನ್ನು ‘ಕೇಯಾಸ್’ ಎನ್ನುತ್ತಾರೆ. ಇಂಥ ಅಸ್ತವ್ಯಸ್ತ ಮಿನುಗನ್ನೂ ಇನ್ನೊಂದು ಲೇಸರ್ ಅನುಸರಿಸಬಲ್ಲದು! 2005ರಲ್ಲಿ ಅಥೆನ್ಸ್ ನಗರದ ನೆಲದಡಿಯಲ್ಲಿದ್ದ 120 ಕಿಲೋಮೀಟರ್ ಫೈಬರಿನಲ್ಲಿ ಸಂದೇಶವನ್ನು ಅಸ್ತವ್ಯಸ್ತ ಬೆಳಕಿನಲ್ಲಿ ಅಡಗಿಸಿ ಕಳಿಸಲಾಯಿತು. ಅದೇ ಲಯಕ್ಕೆ ಹೊಂದಿಕೊಂಡ ಜೋಡಿ ಲೇಸರ್ ಇನ್ನೊಂದು ತುದಿಯಲ್ಲಿ ಅದನ್ನು ಬಿಡಿಸಿ ಓದಿತು. ಹೊಂದಾಣಿಕೆಯ ಸೋಲೆಂದು ಬಗೆದದ್ದು ಗುಟ್ಟು ಕಾಯುವ ಉಪಾಯವಾಯಿತು.

ವಿಜ್ಞಾನದ ಇತಿಹಾಸವನ್ನು ನಾವು ಸಾಮಾನ್ಯವಾಗಿ ಗೆದ್ದ ಯಂತ್ರಗಳ ಪಟ್ಟಿಯಾಗಿ ಓದುತ್ತೇವೆ. ಆ ಪಟ್ಟಿಯಲ್ಲಿ ಇಂಜೆಕ್ಷನ್ ಲಾಕಿಂಗಿಗೆ ದೊಡ್ಡ ಜಾಗವಿಲ್ಲ. ಅದು ಅಪ್ಪಟ ನಿಜವಾಗಿದ್ದೂ ಎರಡು ಸಲ ಬೇಡವಾಯಿತು. ಒಮ್ಮೆ ವರ್ಧಕದಿಂದ, ಇನ್ನೊಮ್ಮೆ ಗಣಕದಿಂದ. ಹಾಗೆಂದು ಅದು ಕಳೆದುಹೋಗಲಿಲ್ಲ. ಹಡಗಿಗಾಗಿ ಮಾಡಿಸಿದ ಗಡಿಯಾರಗಳಲ್ಲಿ ಕಂಡದ್ದು ರೇಡಿಯೋಗೆ ಬಂತು, ರೇಡಿಯೋದಿಂದ ಟಿವಿಗೆ, ಟಿವಿಯಿಂದ ಬೆಳಕಿಗೆ. ಯಾವ ವಿಚಾರ ಇಂದು ಮೂಲೆಯಲ್ಲಿದೆ ಎಂಬುದರಿಂದ ಅದರ ಬೆಲೆ ಕಟ್ಟಲಾಗದು. ಸಂಶೋಧನೆಗೆ ಹಣ ಹಂಚುವವರೂ ಅದರ ಲಾಭ ಎಣಿಸುವವರೂ ಮರೆಯಬಾರದ ಮಾತಿದು. ತನಗೆ ಒಪ್ಪುವ ಪ್ರಶ್ನೆ ಹುಟ್ಟುವವರೆಗೆ ಕಾಯುವ ತಾಳ್ಮೆ ನಿಜವಾದ ವಿಚಾರಕ್ಕೆ ಇರುತ್ತದೆ. ಆ ತಾಳ್ಮೆ ನಮಗಿದೆಯೇ ಎಂಬುದಷ್ಟೇ ಉಳಿಯುವ ಪ್ರಶ್ನೆ.